ಒಡೆಯದ ನಿಂಬೆಹಣ್ಣು

“ಪೂಜಾದಾಗ ಏನ್ ಕಮ್ಮಿ ಆತೋ ಶಶಿ?” ಎಂದು ಗೌರಾದೇವಿ ಕೇಳಿದಾಗ ಮಗ ಶಶಿಕಾಂತ ರೊಟ್ಟಿ ಮುರಿಯುತ್ತಿದ್ದ. ಕೈ ಅಲ್ಲೇ ನಿಂತಿತು. ಅವ್ವ ಅವನನ್ನು ಕೇಳಿದ್ದರೇ ಹೊರತು ಅವನ ಮೇಲೆ ಏನನ್ನೂ ಹೊರಿಸಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಸಿಯಾಟಲ್ ಪಕ್ಕದ ಶೋರ್‌ಲೈನ್‌ನಲ್ಲೂ ಇರುತ್ತಾರೆ.

ಜಕಾರ್ತಾದಿಂದ ಸುದ್ದಿ ಬಂದಾಗಿನಿಂದ ಗೌರಾದೇವಿ ಊಟ ಬಿಟ್ಟಿದ್ದರು. ಶಶಿಕಾಂತನ ಕಂಪನಿಯ ಅಲ್ಲಿನ ಆಫೀಸಿನಲ್ಲಿದ್ದ ಕೆಟುಟ್, ತನ್ನ ಹೊಸ ಕಾರು ಲಾರಿಗೆ ಡಿಕ್ಕಿ ಹೊಡೆದು ತೀರಿಕೊಂಡಿದ್ದ. ಸ್ಟಿಯರಿಂಗ್ ಎದೆಗೆ ಒತ್ತಿತ್ತು. ಹಿಂದೆ ಕೂತಿದ್ದ ಹೆಂಡತಿ, ಮಕ್ಕಳು ಉಳಿದರು. ಕೆಟುಟ್ ಬಾಲಿ ದ್ವೀಪದ ಹಿಂದೂ. ಕೆಲಸದ ಮೇಲೆ ಸಿಯಾಟಲ್‌ಗೆ ಬಂದಿದ್ದಾಗ ಇದೇ ಮೇಜಿನ ಮುಂದೆ ಕೂತು ಎಣ್ಣೆಗಾಯಿ ತಿಂದು ಖಾರಕ್ಕೆ ಕಣ್ಣೀರು ಸುರಿಸಿದ್ದ. ತಮ್ಮೂರಲ್ಲೂ ಗಾಡಿಗಳಿಗೆ ಪೂಜೆ ಮಾಡುತ್ತಾರೆಂದು ಅವನು ಹೇಳಿದ್ದೇ ತಡ, ಗೌರಾದೇವಿ ಅವನನ್ನು ಕೇತಪ್ಪ ಎಂದು ಕರೆದು ಮನೆಮಗನನ್ನಾಗಿ ಮಾಡಿಕೊಂಡುಬಿಟ್ಟರು. ಹಾಗಾಗಿ ಕಾರು ಕೊಂಡ ದಿನ ಅವನು ವಿಡಿಯೊ ಕಾಲ್ ಮಾಡಿದ. ಇವರು ಇಲ್ಲಿನ ಸೋಫಾದ ಮೇಲೆ ಕೂತು ಅಲ್ಲಿನ ಕಾರಿಗೆ ಪೂಜೆ ಮಾಡಿಸಿದರು. ಸ್ಟಿಯರಿಂಗ್ ನಡುವೆ ಭಸ್ಮ ಹಚ್ಚಿಸಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಡಿಸಿದರು. ಅವ್ವ ಹೇಳಿದ್ದನ್ನೆಲ್ಲ ಶಶಿಕಾಂತನೇ ಇಂಗ್ಲಿಷಿನಲ್ಲಿ ತಿಳಿಸಿದ್ದ.

“ಒಂದು ಲಿಂಬಿಹಣ್ಣು ಒಡೀಲಿಲ್ಲಪಾ,” ಎಂದರು ಗೌರಾದೇವಿ. “ಗಾಲಿ ಹತ್ತೂದ್ರಾಗ ಜಾರಿ ಆಚಿಗೆ ಹೋತು. ನಾ ಕಂಡಿದ್ದೆ. ಹುಡುಗುರು ಚಪ್ಪಾಳಿ ಹೊಡ್ಯಾಕತ್ತಿದ್ವು, ಇನ್ನೊಮ್ಮಿ ಇಡು ಅನ್ನಾಕ ಬಾಯಿ ಬರಲಿಲ್ಲ.” ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಕೇತಪ್ಪನ್ನ ನಾನಽ ಕೊಂದೆ.”

ಶಶಿಕಾಂತ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದ. ಪಾತ್ರೆ ತೊಳೆಯುತ್ತಿದ್ದ ಅವನ ಹೆಂಡತಿ ಸ್ಮಿತಾ, ಮೈಸೂರಿನವಳು, ತಿರುಗಿ ನೋಡಲಿಲ್ಲ.

“ಹೇಳ್ಬಿಡು ಶಶಿ. ಅತ್ತೆ ಹೀಗೇ ಇದ್ರೆ ಉಳಿಯಲ್ಲ.”

“ಏನಂತ ಹೇಳ್ಲಿ?”

“ಆ ಕಾರಲ್ಲಿ ಏರ್‌ಬ್ಯಾಗ್ ಇರ್ಲಿಲ್ಲ ಅಂತ. ಬೇಡ ಅಂದಿದ್ದು ಯಾರು ಅಂತ.”

ಇಂಡೊನೇಷ್ಯಾದಲ್ಲಿ ಮಾರುವ ಕಾರಿನಲ್ಲಿ ಏನಿರಬೇಕು, ಏನು ಬೇಡ ಎಂದು ಸಿಯಾಟಲ್‌ನ ಸೌತ್ ಲೇಕ್ ಯೂನಿಯನ್‌ನ ಗಾಜಿನ ಕಟ್ಟಡದಲ್ಲಿ ಕೂತು ಹೇಳುವುದು ಶಶಿಕಾಂತನ ಕೆಲಸ. ಮೊದಲ ಸಲ ಕಾರು ಕೊಳ್ಳುವ ಅಲ್ಲಿನ ಜನ ಮೂರನೇ ಸಾಲಿನ ಸೀಟು ಕೇಳುತ್ತಾರೆ, ತಣ್ಣಗಿನ ಎ.ಸಿ. ಕೇಳುತ್ತಾರೆ, ಹಾಡು ಕೇಳಲು ಒಳ್ಳೆಯ ಸ್ಪೀಕರ್ ಕೇಳುತ್ತಾರೆ. ಏರ್‌ಬ್ಯಾಗ್ ಯಾರೂ ಕೇಳುವುದಿಲ್ಲ, ಕೆಳಗಿನ ಮಾಡೆಲ್‌ನಲ್ಲಿ ಅದನ್ನು ಬಿಟ್ಟು ಬೆಲೆ ಇಳಿಸಿದರೆ ಬೈಕಿನವರೂ ಕಾರಿಗೆ ಬರುತ್ತಾರೆ ಎಂದು ಅವನು ಹೇಳಿದ್ದ. ಕಾರು ಮಾಡುವವರು ಅವನ ಮಾತು ಕೇಳಿದರು, ಜನ ಮುಗಿಬಿದ್ದರು, ಇವನಿಗೆ ಪ್ರಮೋಷನ್ ಆಯಿತು. ಯಾವ ಮಾಡೆಲ್ ಕೊಳ್ಳಲಿ ಎಂದು ಕೆಟುಟ್ ಕೇಳಿದಾಗ, “ನಿಮ್ಮ ಟ್ರಾಫಿಕ್ಕಲ್ಲಿ ಗಾಡಿ ತೆವಳುತ್ತೆ, ಕೆಳಗಿನದೇ ಸಾಕು” ಎಂದವನೂ ಇವನೇ. ತನ್ನ ಕಾರು ಕೊಳ್ಳುವಾಗ ಮಾತ್ರ ಮಹಾಶಯ ಬಣ್ಣಕ್ಕಿಂತ ಮೊದಲು ಏರ್‌ಬ್ಯಾಗ್ ಎಷ್ಟಿವೆ ಎಂದು ಕೇಳಿದ್ದ.

“ಅಲ್ಲಿ ರೂಲ್ ಇರ್ಲಿಲ್ಲ ಸ್ಮಿತಾ. ನಾನು ಬರೀ ರಿಪೋರ್ಟ್ ಕೊಟ್ಟೆ.”

“ಸರಿ, ಅದನ್ನೇ ಹೇಳು. ಭಯ ಯಾಕೆ?”

ಹೇಳಿಬಿಡಬೇಕೆಂದೇ ಅವನು ಹೊರಗೆ ಬಂದ. ಗೌರಾದೇವಿ ಮುಖ ಎತ್ತಿದರು. ಆ ಮುಖದಲ್ಲಿ ಮಗನ ಮೇಲಿನ ನಂಬಿಕೆ ಇತ್ತು. ಈ ಮುಖ ತನ್ನನ್ನು ಬೇರೆ ಥರ ನೋಡುವುದನ್ನು ಅವನು ತಾಳಲಾರ.

“ಆ ಲಿಂಬಿಹಣ್ಣಽ ಅಲ್ಲೇನೋ?”

“ಹೌದು ಅನಸ್ತೈತಿ ಅವ್ವಾ,” ಎಂದ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಗೌರಾದೇವಿ ಎದ್ದರು. ಫ್ರಿಜ್ಜಿನಿಂದ ನಿಂಬೆಹಣ್ಣು, ದೇವರ ಮುಂದಿನ ಭಸ್ಮದ ಬಟ್ಟಲು ತೆಗೆದುಕೊಂಡು, “ನಡಿ, ನಿನ್ನ ಗಾಡಿಗೆ ಪೂಜಾ ಮಾಡಿ ಭಾಳ ದಿನ ಆತು,” ಎಂದು ಮುಂದೆ ನಡೆದರು. ಮನೆ ಮುಂದಿನ ಕಾರಿನ ಬಾಗಿಲು ತೆಗೆಸಿ, ಸೀಟಿನ ಅಂಚಿಗೆ ಕೂತು, ಮೂರು ಬೆರಳಿಗೆ ಭಸ್ಮ ಬಳಿದುಕೊಂಡು ಸ್ಟಿಯರಿಂಗ್ ಕಡೆ ಕೈ ಚಾಚಿದವರು ತಡೆದುಕೊಂಡರು.

“ಇಲ್ಲಿ ಇಂಗ್ಲಿಷ್‌ನ್ಯಾಗ ಏನೋ ಬರದಾರಲ್ಲ, ಏನದು?”

ಏರ್‌ಬ್ಯಾಗ್ ಎಂದು ಅಲ್ಲಿ ಅಚ್ಚೊತ್ತಿತ್ತು. ಶಶಿಕಾಂತ ಬೀದಿಯ ಕಡೆ ನೋಡಿದ.

“ಕಂಪನಿ ಹೆಸರವ್ವಾ.”

“ಕೇತಪ್ಪನ ಗಾಡ್ಯಾಗ ಇಲ್ಲಿ ಏನೂ ಇದ್ದಿಲ್ಲ ನೋಡು,” ಎನ್ನುತ್ತಾ ಅವರು ಆ ಅಕ್ಷರಗಳ ಮೇಲೆಯೇ ಮೂರು ಬೆರಳು ಎಳೆದರು. ಇಳಿದು, ಸೊಂಟ ಹಿಡಿದುಕೊಂಡು ಬಗ್ಗಿ, ಪ್ರತಿ ಗಾಲಿಯ ಕೆಳಗೂ ಹಣ್ಣು ಸಿಕ್ಕಿಸಿದರು. ಜಾರದ ಹಾಗೆ ಒಂದೊಂದನ್ನೂ ಒತ್ತಿ ನೋಡಿದರು. ಶಶಿಕಾಂತ ಒಳಗೆ ಕೂತು ಕಾರು ಚಾಲೂ ಮಾಡಿದ.

“ಹೂಂ, ಗಾಡಿ ಬಿಡು.”

ಕಾರು ಮೆಲ್ಲಗೆ ಮುಂದೆ ಸರಿಯಿತು. ಗೌರಾದೇವಿ ಗಾಲಿಗಳು ದಾಟಿ ಹೋದ ಜಾಗವನ್ನು ಬಗ್ಗಿ ಬಗ್ಗಿ ನೋಡಿ, ಕಿಟಕಿಯ ಹತ್ತಿರ ಬಂದರು. ಸುದ್ದಿ ಬಂದ ಮೇಲೆ ಮೊದಲ ಸಲ ಅವರ ಮುಖ ಅರಳಿತ್ತು. ಭಸ್ಮದ ಕೈಯಿಂದ ಮಗನ ಕೆನ್ನೆ ಸವರಿದರು.

“ಎಲ್ಲಾ ಒಡದ್ವು. ಇನ್ನ ನಿನಗ ಏನೂ ಆಗೂದಿಲ್ಲಪಾ.”