ಹೊಲವಿಲ್ಲದ ವರ್ಷದ ಚರಗ

ಹೆಂಡತಿ ಹಸಿಕಡಲೆ ಸುಲಿಯಲು ಕೂತರೆ ಸಾಕು, ಬೆರಳಿಗೆ ಅಂಟುವ ಆ ಹುಳಿ ವಾಸನೆ ನನ್ನನ್ನು ವಾಡಿಯ ಕ್ವಾರ್ಟರ್ಸಿಗೆ ಕರೆದೊಯ್ಯುತ್ತದೆ.

ಅಪ್ಪ ನಮ್ಮೂರು ಗುಂಡಗುರ್ತಿಯ ಹೊಲ ಮಾರಿ ವಾಡಿಯ ಸಿಮೆಂಟ್ ಕಾರ್ಖಾನೆ ಸೇರಿದ ವರ್ಷವದು. ಎಳ್ಳಮವಾಸ್ಯೆಗೆ ಅಜ್ಜಿ ಎಂದಿನಂತೆ ಹಸಿಕಡಲೆ, ಕಾಳು, ಸೊಪ್ಪು ಎಲ್ಲ ಕೂಡಿಸಿ ಭಜ್ಜಿ ಕುದಿಸಿದಳು, ಸಜ್ಜೆ ರೊಟ್ಟಿಗೆ ಎಳ್ಳು ಒತ್ತಿದಳು. ಆದರೆ ಭೂಮಿತಾಯಿಗೆ ಚರಗ ಚೆಲ್ಲದೆ ಯಾರೂ ಉಣ್ಣುವಂತಿರಲಿಲ್ಲ. ಬೆಳೆಯ ಸುತ್ತ ಒಬ್ಬರು ಅಡುಗೆ ಎರಚುತ್ತ ನಡೆಯಬೇಕು, ಹಿಂದಿನಿಂದ ಇನ್ನೊಬ್ಬರು ನೀರು ಚಿಮುಕಿಸಬೇಕು. ಹೊಲವೇ ಇಲ್ಲದೆ ಈಕೆ ಎಲ್ಲಿ ಚೆಲ್ಲುತ್ತಾಳೆಂದು ನನಗೆ ಹಸಿವಿಗಿಂತ ಕುತೂಹಲ ಹೆಚ್ಚಾಗಿತ್ತು.

"ಫ್ಯಾಕ್ಟರಿ ಗೇಟಿಗಿ ಚೆಲ್ಲವ್ವಾ, ಈಗ ಅನ್ನಾ ಕೊಡೋದು ಅದೇ," ಎಂದು ಅಪ್ಪ ನಕ್ಕ.

"ನೀನೇ ಚೆಲ್ಲು ಹೋಗು. ಸಿಮೆಂಟಿನಾಗ ಜ್ವಾಳಾ ಹುಟ್ತದೇನು ನೋಡಮು," ಎಂದ ಅಜ್ಜಿ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ನಡೆದಳು. ನಾನು ನೀರಿನ ತಂಬಿಗೆ ಹಿಡಿದು ಹಿಂದೆ ಓಡಿದೆ.

ಪಕ್ಕದ ಮನೆಯ ಬೀಬಿ ಬಚ್ಚಲ ನೀರು ಹರಿಯುವಲ್ಲಿ ಒಂದಿಷ್ಟು ಮೆಂತೆ ಹಾಕಿದ್ದಳು.

"ಬೀಬಿ, ನಿನ್ನ ಮೆಂತ್ಯಾದಾಗ ಜರಾ ಚರಗ ಚೆಲ್ಲಲೇನು?"

"ಚೆಲ್ರಿ ಅಮ್ಮಾ. ಖರೆ ಬುಟ್ಟಿ ಪೂರಾ ಸುರೀಬ್ಯಾಡ್ರಿ, ನನಗೂ ಜರಾ ಭಜ್ಜಿ ಉಳಸ್ರಿ!"

ಅಜ್ಜಿ ಮೊದಲ ಹಿಡಿ ಎರಚಿದಳು. ನೀರು ಚಿಮುಕಿಸಲು ನಾನು ಕೈ ಅದ್ದುವಷ್ಟರಲ್ಲಿ ಅಪ್ಪ ಬಂದು ತಂಬಿಗೆ ಇಸಿದುಕೊಂಡ. ಬೂಟು ಬಿಚ್ಚಿ ಬಂದಿದ್ದ. ನಾಲ್ಕು ಹೆಜ್ಜೆಯ ಆ ಮೆಂತೆ ಮಡಿಯನ್ನು ತಾಯಿ ಮಗ ಇಬ್ಬರೂ, ಮಾರಿದ ಹೊಲದ ಬದುವಿನ ಮೇಲೆ ನಡೆಯುವಷ್ಟು ಹೊತ್ತು, ಸುತ್ತಿದರು.