ಉಜ್ಜಿದ ಬೆಸುಗೆ

"ಇದು ಬೇಡ. ಅಂಗಡಿದೇ ಹಾಕಿಸ್ಕೊಳ್ಳಿ" ಎಂದು ವೆಲ್ಡಿಂಗ್ ಮೇಸ್ತ್ರಿ ಜೀಪಿಗೆಂದು ತಾನೇ ಬೆಸೆದ ಕಬ್ಬಿಣದ ಆರ್ಮನ್ನು ಅಳಿಯನ ಕೈಯಿಂದ ಕಿತ್ತುಕೊಂಡ. ಕಿತ್ತುಕೊಂಡದ್ದು ಎಡಗೈಯಲ್ಲಿ. ಬಲಗೈ ಪ್ಯಾಂಟಿನ ಜೇಬಿನಲ್ಲೇ ಇತ್ತು.

ಅಳಿಯ ನಕ್ಕುಬಿಟ್ಟ. ಮೂವತ್ತು ವರ್ಷ ಅಂಗಡಿಯ ಆರ್ಮುಗಳನ್ನು 'ಡಬ್ಬ' ಎಂದು ಬೈಯುತ್ತ ಬಂದ ಬಾಯಿ ಮಾವನದು. ಅಳಿಯ ತನ್ನ ಜೀಪನ್ನು ನಾಲ್ಕು ಇಂಚು ಎತ್ತರ ಮಾಡಿಸಿದ್ದ. ಹಿಂದಿನ ಚಕ್ರಗಳ ಆಕ್ಸಲನ್ನು ಹಿಡಿದಿಡುವ ಹಳೆಯ ಆರ್ಮುಗಳ ಉದ್ದ ಸಾಲದೆ, ಚಕ್ರಗಳು ಮುಂದಕ್ಕೆ ಸರಿದು ಮಡ್‌ಗಾರ್ಡಿಗೆ ತಾಗುತ್ತಿದ್ದವು. ಉದ್ದನೆಯ ಜೋಡಿ ಬೇಕಿತ್ತು. ಬೆಂಚಿನ ಮೇಲೆ ಎರಡು ಜೋಡಿ ಇದ್ದವು: ಹೋಲಿಸಿ ನೋಡಲೆಂದು ಅಂಗಡಿಯಿಂದ ತಂದದ್ದು ಒಂದು, ಮಾವ ಮಾಡಿ ಕಪ್ಪು ಬಣ್ಣ ಬಳಿದಿಟ್ಟದ್ದು ಇನ್ನೊಂದು.

"ಏನ್ ಮಾವ, ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಳ್ತಿದೀರಲ್ಲ! ಊರವರಿಗೆಲ್ಲ ಕೈಕೆಲಸ, ಅಳಿಯನಿಗೆ ಅಂಗಡಿ ಮಾಲಾ?"

"ಅದಕ್ಕೆ ತಿರುಪು ಇದೆ. ಉದ್ದ ಹೆಚ್ಚು ಕಮ್ಮಿ ಮಾಡ್ಕೋಬಹುದು."

"ತಿರುಪು ಇದ್ರೆ ಒಂದಲ್ಲ ಒಂದಿನ ಸಡಿಲ ಆಗುತ್ತೆ ಅಂತ ಹೇಳ್ಕೊಟ್ಟೋರು ಯಾರು? ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಏಟೆಲ್ಲ ತಿನ್ನೋದು ಈ ಆರ್ಮೇ ಅಂದೋರು ಯಾರು? ಭಾನುವಾರ ನಿಮ್ಮ ಮಗಳನ್ನೂ ಪುಟ್ಟೀನೂ ಕೂರಿಸ್ಕೊಂಡು ಬೆಟ್ಟ ಹತ್ತೋನು ನಾನು. ನನಗೆ ನಿಮ್ಮ ಕೈದೇ ಬೇಕು." ಅಳಿಯ ಆರ್ಮನ್ನು ಮಾವನ ಕೈಯಿಂದ ಮತ್ತೆ ತೆಗೆದುಕೊಂಡು, ಅದರ ತುದಿಗೆ ಬೆಸೆದ ಕಬ್ಬಿಣದ ಬಳೆಯನ್ನು ಸವರಿದ. "ಅರೆ, ಇದೇನು ಇಷ್ಟು ನುಣ್ಣಗಿದೆ? ಗ್ರೈಂಡರ್ ಹಿಡಿದ್ರಾ?"

ತನ್ನ ಬೆಸುಗೆಗೆ ಜನ್ಮದಲ್ಲಿ ಗ್ರೈಂಡರ್ ತಾಗಿಸದವನು ಮೇಸ್ತ್ರಿ. ಉಜ್ಜಿ ನುಣುಪು ಮಾಡುವ ಬೇರೆ ವರ್ಕ್‌ಶಾಪಿನವರನ್ನು ಕಂಡರೆ, 'ಮೂಗು ಸೊಟ್ಟ ಇರೋರಿಗೆ ತಾನೇ ಪೌಡರು' ಎಂದು ಗೇಲಿ ಮಾಡುತ್ತಿದ್ದ. ಈಗ ಆರ್ಮನ್ನು ಬೆಂಚಿನ ಮೇಲೆ ಕಬ್ಬಿಣ ಹಿಡಿದಿಡುವ ವೈಸಿಗೆ ಕಚ್ಚಿಸಿ, ದೊಡ್ಡ ಸುತ್ತಿಗೆಯನ್ನು ಅಳಿಯನ ಕಡೆ ತಳ್ಳಿದ.

"ಹೊಡೀರಿ."

"ಬಿಡಿ ಮಾವ, ಏನಿದು..."

"ಹೊಡೀರಿ ಅಂದೆನಲ್ಲ!"

ಎರಡನೇ ಪೆಟ್ಟಿಗೆ ಬಳೆ ಕಿತ್ತುಕೊಂಡು ನೆಲಕ್ಕೆ ಬಿದ್ದು ಜೀಪಿನಡಿಗೆ ಉರುಳಿತು. ಕಿತ್ತ ಜಾಗದಲ್ಲಿ ಅರ್ಧಕ್ಕರ್ಧ ಕಬ್ಬಿಣ ಕರಗಿಯೇ ಇರಲಿಲ್ಲ. ಮೇಲೆ ಥಳಕು, ಒಳಗೆ ಹುಳುಕು. ಮೇಸ್ತ್ರಿ ಆಗ ಬಲಗೈಯನ್ನು ಜೇಬಿನಿಂದ ತೆಗೆದು ಬೆಂಚಿನ ಮೇಲಿಟ್ಟ. ಬೆರಳುಗಳು ಬೆಂಚನ್ನು ಪಟಪಟನೆ ಬಡಿಯುತ್ತಿದ್ದವು.

"ವರ್ಷ ಆಯ್ತು" ಎಂದ. "ವಾಸಿ ಆಗೋದಲ್ಲ ಅಂದ್ರು ಡಾಕ್ಟ್ರು. ಇವತ್ತು ನಿಲ್ಲುತ್ತೆ, ನಾಳೆ ನಿಲ್ಲುತ್ತೆ ಅಂದ್ಕೊಂಡು ಉಜ್ಜಿದೆ, ಬಣ್ಣ ಬಳಿದೆ. ಈ ಕೈ ಒಂದು ಬಿಟ್ರೆ ನನ್ನ ಹತ್ರ ಇನ್ನೇನಿದೆ ಹೇಳಿ? ಮಗಳಿಗೆ ಮಾತ್ರ ಹೇಳ್ಬೇಡಿ."

ಮಾವನ ಹೆಗಲ ಮೇಲೆ ಕೈಯಿಡಲು ಹೋದ ಅಳಿಯ ಅರ್ಧದಲ್ಲೇ ನಿಂತ. ಎದುರಿನ ಗೋಡೆಯಲ್ಲಿ ಸೀಮೆಸುಣ್ಣದ ಸಾಲುಗಳಿದ್ದವು. ಯಾರ ಗಾಡಿಗೆ ಎಷ್ಟು ಉದ್ದದ ಆರ್ಮು, ಯಾವ ತಿಂಗಳು ಎಂದು ಮೇಸ್ತ್ರಿ ಮೊದಲಿನಿಂದಲೂ ಅಲ್ಲಿ ಗುರುತು ಹಾಕುತ್ತಿದ್ದ. ಕೆಳಕೆಳಗೆ ಬಂದಂತೆ ಅಕ್ಷರಗಳೂ ಸೊಟ್ಟಗಾಗಿದ್ದವು. ಅಳಿಯ ಬೆರಳಿಟ್ಟು ಎಣಿಸಿದ. ಒಂದು ವರ್ಷದಲ್ಲಿ ಒಂಬತ್ತು ಗಾಡಿ.

"ಮಗಳು ಕೂರೋ ಗಾಡಿ ಅಂತ ಇವತ್ತು ಬಾಯಿ ಬಿಟ್ರಿ. ಆ ಒಂಬತ್ತರಲ್ಲಿ ಕೂರೋರು ಯಾರ ಮಕ್ಕಳೂ ಅಲ್ವಾ ಮಾವ?"

ಈ ಪ್ರಶ್ನೆ ಮೇಸ್ತ್ರಿಗೆ ಹೊಸದಲ್ಲ. ವರ್ಷವಿಡೀ ಅದನ್ನು ಒಳಗೇ ಅದುಮಿಟ್ಟಿದ್ದ. ಈಗ ಇನ್ನೊಬ್ಬರ ಬಾಯಲ್ಲಿ ಕೇಳಿದ ಮೇಲೆ ಅದುಮಿಡಲಾಗಲಿಲ್ಲ. ಸ್ಟೂಲಿನ ಮೇಲೆ ಕೂತು, ಅಳಿಯನಿಂದಲೇ ನಂಬರು ಒತ್ತಿಸಿಕೊಂಡು ಒಬ್ಬೊಬ್ಬರಿಗೇ ಫೋನು ಮಾಡಿದ. ಗಾಡಿ ಹೊರಗೆ ತೆಗೀಬೇಡಿ, ನನ್ನ ಕೆಲಸ ಕೆಟ್ಟಿದೆ ಎಂದು ಎಂಟು ಸಲ ಹೇಳಿದ. ಒಬ್ಬ ತಮಾಷೆ ಎಂದುಕೊಂಡು ನಕ್ಕ. ಒಬ್ಬ ಏಳು ತಲೆಮಾರನ್ನೂ ಎಳೆದು ತಂದು ಬೈದ. ಹಾಲಿನ ಗಾಡಿಯವನು ಮಾತ್ರ ಏನೂ ಅನ್ನದೆ ಫೋನಿಟ್ಟ. ಬೈದಿದ್ದರೇ ವಾಸಿಯಿತ್ತು ಎನ್ನಿಸಿತು ಮೇಸ್ತ್ರಿಗೆ.

ಒಂಬತ್ತನೆಯದು ಊರ ಶಾಲೆಯ ಮೇಷ್ಟರ ಹಸಿರು ಜೀಪು. ಬಹಳ ಹೊತ್ತು ರಿಂಗಾದ ಮೇಲೆ ಮೇಷ್ಟರು ಎತ್ತಿದರು. ಹಿಂದೆ ಮಕ್ಕಳು ಒಂದೇ ಸಮನೆ ಕೂಗಿ ಹಾಡುತ್ತಿದ್ದರು.

"ಓಹೋ, ಮೇಸ್ತ್ರಿ! ನೂರು ವರ್ಷ ಆಯಸ್ಸು ನಿಮಗೆ, ಈಗ ತಾನೇ ನಿಮ್ಮ ಮಾತೇ ಆಡ್ತಿದ್ವಿ. ರಜೆ ಅಂತ ಮಕ್ಕಳನ್ನ ಬೆಟ್ಟಕ್ಕೆ ಕರ್ಕೊಂಡು ಬಂದಿದ್ದೆ. ಹತ್ತುವಾಗ ಏನು ಗಟ್ಟಿಯಾಗಿ ನಿಂತಿತು ಅಂತೀರಿ ಗಾಡಿ! ನಿಮ್ಮ ಕೆಲಸಾನ ಕಣ್ಮುಚ್ಚಿ ನಂಬಬಹುದು ನೋಡಿ."

"ಮೇಷ್ಟ್ರೇ, ನಿಲ್ಸಿ! ಗಾಡಿ ಅಲ್ಲೇ ನಿಲ್ಸಿ!"

"ಏನಂದ್ರಿ? ಈ ಮಕ್ಕಳ ಗಲಾಟೇಲಿ ಏನೂ ಕೇಳಿಸ್ತಿಲ್ಲ. ಇಳೀತಾ ಇದೀವಿ, ಕೆಳಗೆ ಮುಟ್ಟಿದ ತಕ್ಷಣ ನಾನೇ ಮಾಡ್ತೀನಿ."

ಮತ್ತೆ ಮಾಡಿದರೆ ಸಿಗ್ನಲ್ ಇರಲಿಲ್ಲ. ಮತ್ತೆ ಮಾಡಿದರು, ಇಲ್ಲ. ಅರ್ಧ ಗಂಟೆ ಕಳೆಯಿತು. ಬೆಟ್ಟ ಇಳಿಯಲು ಕಾಲು ಗಂಟೆ ಸಾಕು ಎಂದು ಇಬ್ಬರಿಗೂ ಗೊತ್ತಿತ್ತು. ಮೇಸ್ತ್ರಿ ಎರಡೂ ಕೈಯಲ್ಲಿ ಹಿಡಿದಿದ್ದ ಫೋನು ನಡುಗತೊಡಗಿದ್ದು ಕಂಡು ಅಳಿಯ ಮೇಷ್ಟರ ಕರೆ ಬಂತೆಂಬ ಆಸೆಯಿಂದ ಓಡಿ ಬಂದ.

ಯಾರ ಫೋನೂ ಬಂದಿರಲಿಲ್ಲ; ನಡುಗುತ್ತಿದ್ದದ್ದು ಕೈ.