ಅರಗು ಹಚ್ಚದ ಕೋಲು

ಮಾಗಿಯ ಚಳಿಯಲ್ಲೂ ಚನ್ನಪಟ್ಟಣದ ಬೊಂಬೆ ಕಡೆಯುವ ಲೇತುಗಳು ಬೆಳಗಾಗುತ್ತಲೇ ತಿರುಗುತ್ತಿದ್ದವು. ಬೊಂಬೆ ಬದಿಗಿಟ್ಟು ತನ್ನ ಡ್ರಮ್ಮಿಗೆ ಜೋಡಿ ಕೋಲು ಕಡೆಯುತ್ತಿದ್ದ ಮಾನ್ಯಳನ್ನು ಕಂಡು ಯಜಮಾನ ಸಮದ್ ನಕ್ಕರು.

“ಎಲ್ಲಾ ಕಡೆ ಡಿಜೆ ಬಂದೈತೆ. ನಿಮ್ಮ ರಾಕ್ ಬ್ಯಾಂಡ್ ಯಾರಿಗಮ್ಮ ಬೇಕು? ನಿನ್ ಜೊತೆಯೋರೇ ಗಿಟಾರ್ ಮಾರ್ಕೊಂಡ್ರಂತೆ. ಒಸಿ ಕೆಂಪು ಅರಗು ಹಚ್ತೀನಿ, ಮಕ್ಳ ಆಟಕ್ಕಾದ್ರೂ ಆಯ್ತದೆ.”

ತಿರುಗುತ್ತಿದ್ದ ಕೋಲಿನತ್ತ ಅರಗಿನ ಕಡ್ಡಿ ಬಂತು. ಮಾನ್ಯ ಸ್ವಿಚ್ ಆರಿಸಿದಳು.

“ಬ್ಯಾಡಿ ಸಮದಣ್ಣ. ಅರಗು ಹಚ್ಚಿದ್ರೆ ಬೆವರಿಗೆ ಕೈ ಜಾರ್ತದೆ. ಭಾನ್ವಾರ ರಾಮನಗರ್ದಲ್ಲಿ ನಮ್ಮ ಪ್ರೋಗ್ರಾಮ್ ಐತೆ. ಜೊತೆಯೋರು ಯಾರೂ ಬರ್ದಿದ್ರೆ ನಾನೊಬ್ಳೇ ಬಾರಿಸ್ತೀನಿ.”

ಸಮದ್ ಅರಗನ್ನು ಕೆಳಗಿಟ್ಟರು. ಮರದ ರಾಶಿ ಕೆದಕಿ, ಗಂಟಿಲ್ಲದ ಎರಡು ಒಣ ತುಂಡು ಆರಿಸಿ ಅವಳ ಮುಂದಿಟ್ಟರು.

“ಬೊಂಬೆ ಮಾಡೋ ಈ ಹಾಲೆ ಮರ ಮೆತ್ತಗೆ ಕಣಮ್ಮ. ಇನ್ನೊಂದ್ ಜೊತೆ ಕಡ್ಕೊ. ನೀನ್ ಬಾರ್ಸೋ ರಭಸಕ್ಕೆ ಮೊದಲ್ನೇ ಜೊತೆ ಮುರ್ದೋಯ್ತದೆ.”